ಹಳೆ ಬಸ್ಸುಗಳ ನೆಗೆಟಿವ್ ಸ್ಕ್ಯಾನ್ ಮಾಡಿಸಲು ಚಿಕ್ಕಮಗಳೂರಿನ ಒಂದು ಸ್ಟುಡಿಯೊ

ನಮ್ಮ ಮಾವ ಕೊಪ್ಪದ ಸಹಕಾರ ಸಾರಿಗೆಯಲ್ಲಿ ಕಂಡಕ್ಟರ್ ಆಗಿದ್ದವರು. 1991ರಲ್ಲಿ ಕೆಲಸಗಾರರೇ ಸೇರಿ ಕಟ್ಟಿದ ಸಂಸ್ಥೆ, 2020ರಲ್ಲಿ ನಿಂತುಹೋಯಿತು. ಆ ಬಸ್ಸುಗಳನ್ನು ಅವರು ರೀಲ್ ಕ್ಯಾಮೆರಾದಲ್ಲಿ ಹಿಡಿದಿಟ್ಟಿದ್ದರು. ಮಲೆನಾಡಿನ ಮಳೆಗಾಲಕ್ಕೆ ನೆಗೆಟಿವ್‌ಗಳು ಬೂಷ್ಟು ಹಿಡಿಯತೊಡಗಿದ್ದರಿಂದ ಎಂ.ಜಿ. ರಸ್ತೆ ಹತ್ತಿರದ ಒಂದು ಚಿಕ್ಕ ಸ್ಟುಡಿಯೊಗೆ ಕೊಟ್ಟೆ.

ಕೆಲಸ ಚೆನ್ನಾಗಿದೆ. ಅಂಗಡಿಯವರು ಕೈಗೆ ಹತ್ತಿಬಟ್ಟೆಯ ಗ್ಲೌಸ್ ಹಾಕಿಕೊಂಡು, ಗಾಳಿ ಬಲ್ಬಿನಿಂದ ಧೂಳು ಹಾರಿಸಿ, ಒಂದೊಂದೇ ಪಟ್ಟಿಯನ್ನು ಸ್ಕ್ಯಾನರಿಗೆ ಇಡುತ್ತಾರೆ. 35 ಎಂ.ಎಂ. ನೆಗೆಟಿವ್‌ಗೆ 2400 ಡಿಪಿಐ (ಇಂಚಿಗೆ ಎಷ್ಟು ಚುಕ್ಕಿ ಎಂಬ ಸ್ಕ್ಯಾನಿನ ಅಳತೆ) ಸಾಕೆಂದರು. ನಾನು 4800 ಕೇಳಿದೆ, ಬೇಸರವಿಲ್ಲದೆ ಮಾಡಿಕೊಟ್ಟರು. ಬಸ್ಸಿನ ಹಣೆಯ ಮೇಲಿನ 'ಕೊಪ್ಪ–ಶೃಂಗೇರಿ' ಬೋರ್ಡು ಸಲೀಸಾಗಿ ಓದಲು ಬರುತ್ತದೆ. ನಂಬರ್ ಪ್ಲೇಟಿನಲ್ಲಿ ಕೆಎ-18 ಸ್ಪಷ್ಟ. ನಮ್ಮಂಥ ಬಸ್ ಹುಚ್ಚಿನವರಿಗೆ ಇದೇ ಮುಖ್ಯ. ನಂಬರ್ ಸಿಕ್ಕರೆ ಯಾವ ಬಸ್ಸು ಎಂದು ಗುರುತಿಸಬಹುದು, ಇಲ್ಲದಿದ್ದರೆ ಅದು ಬರೀ ಚಿತ್ರ.

ಒಂದೇ ತಕರಾರು. ಕೇಳದೆಯೇ ಬಣ್ಣ 'ಸರಿಮಾಡಿ' ಬಿಡುತ್ತಾರೆ. ಮೊದಲ ಕಂತಿನಲ್ಲಿ ಬಸ್ಸುಗಳ ಮಾಸಿದ ಬಣ್ಣ ನಿನ್ನೆ ಬಳಿದಂತೆ ಮಿರಿಮಿರಿ ಮಿಂಚುತ್ತಿತ್ತು. ಬಣ್ಣವೂ ದಾಖಲೆಯೇ ಅಲ್ಲವೇ? ಹೇಳಿದ ಮೇಲೆ ಮತ್ತೆ ಸ್ಕ್ಯಾನ್ ಮಾಡಿದರು, ಹೆಚ್ಚು ದುಡ್ಡು ಕೇಳಲಿಲ್ಲ.

ಹೋಗುವವರು ಪೆನ್‌ಡ್ರೈವ್ ಒಯ್ಯಿರಿ, ಚಿತ್ರದ ವಿವರ ಕಳೆಯದೆ ಉಳಿಸುವ ಟಿಫ್ ಫೈಲನ್ನೇ ಕೇಳಿ. ವಾಟ್ಸಾಪ್‌ನಲ್ಲಿ ಫೋಟೊ ಆಗಿ ತರಿಸಿಕೊಂಡರೆ ಅಕ್ಷರವೆಲ್ಲ ಕಲಸಿಹೋಗುತ್ತದೆ. ನೆಗೆಟಿವ್ ವಾಪಸ್ ಬಂದ ಮೇಲೆ ಪ್ಲಾಸ್ಟಿಕ್ ಕವರಿಗೆ ತುರುಕಬೇಡಿ, ಕಾಗದದ ಲಕೋಟೆಯಲ್ಲಿಟ್ಟು ಡಬ್ಬಿಗೆ ತೇವ ಹೀರುವ ಸಿಲಿಕಾ ಜೆಲ್ ಹಾಕಿ.