ಬೆಂಡೆ ಮಡಿ: ಒತ್ತಾಗಿ ಹಾಕಬೇಕೋ, ಸಡಿಲವಾಗಿಯೋ?

ಎರೆಗೊಬ್ಬರ ಒಳ್ಳೆಯದೋ, ಕೊಟ್ಟಿಗೆ ಗೊಬ್ಬರವೋ ಅಂತ ಕೇಳುವವರು ಮೊದಲು ಗಿಡದ ಅಂತರ ಹೇಳಬೇಕು. ಯಲಹಂಕದ ಕಡೆ ಮನೆ ಪಕ್ಕದ ಕೆಂಪು ಮಣ್ಣಿನಲ್ಲಿ ಬೆಂಡೆ ಹಾಕಿ ನೋಡಿದ ಮೇಲೆ ನನಗೆ ಹಾಗನ್ನಿಸಿದೆ.

ಬೀಜ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ತಳಿ, ಅರ್ಕಾ ಅನಾಮಿಕ. ಎರಡು ಮಡಿಗೆ ಕೊಟ್ಟಿಗೆ ಗೊಬ್ಬರ, ಎರಡಕ್ಕೆ ಅಷ್ಟೇ ತೂಕದ ಎರೆಗೊಬ್ಬರ. ಪ್ರತಿ ಜೋಡಿಯಲ್ಲೂ ಒಂದು ಒತ್ತು ಮಡಿ: ಸಾಲಿನಿಂದ ಸಾಲಿಗೆ ಒಂದಡಿ, ಗಿಡದಿಂದ ಗಿಡಕ್ಕೆ ಅರ್ಧ ಅಡಿ. ಇನ್ನೊಂದು ಸಡಿಲ: ಎರಡಡಿ, ಒಂದಡಿ. ಚದರ ಮೀಟರಿಗೆ ಲೆಕ್ಕ ಹಾಕಿದರೆ ಒತ್ತಿನಲ್ಲಿ ಸುಮಾರು 22 ಗಿಡ, ಸಡಿಲದಲ್ಲಿ ಐದಾರು.

ಮೊದಮೊದಲು ಒತ್ತು ಮಡಿಯೇ ಚೆಂದ. ಎಲೆ ಬೇಗ ನೆಲ ಮುಚ್ಚಿತು, ಕಳೆ ಕಡಿಮೆ, ತೇವವೂ ನಿಂತಿತು. ಮೊದಲ ಕೆಲವು ಕೊಯ್ಲಿನಲ್ಲಿ ಕಾಯಿಯೂ ಅಲ್ಲೇ ಜಾಸ್ತಿ. ಆಮೇಲೆ ಬೆಳಕಿಗೆ ಪೈಪೋಟಿ ಬಿತ್ತು. ಗಿಡಗಳು ಸಪೂರ ಕಾಂಡದಲ್ಲೇ ಮೇಲೆದ್ದವು, ಪಕ್ಕದ ಕವಲು ಒಡೆಯಲೇ ಇಲ್ಲ. ಅದರಲ್ಲೂ ಎರೆಗೊಬ್ಬರದ ಒತ್ತು ಮಡಿ ನಾಲ್ಕರಲ್ಲೂ ಕಡೆ! ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಶೇ. 0.5ರ ಆಸುಪಾಸು, ಎರೆಗೊಬ್ಬರದಲ್ಲಿ ಅದರ ಎರಡು ಮೂರು ಪಟ್ಟು. ಆ ಸಾರವೆಲ್ಲ ಎಲೆಗೇ ಹೋಯಿತು, ನಡುವೆ ಗಾಳಿ ಆಡದೆ ಬೂದಿ ರೋಗ ಬಂತು.

ಅದೇ ಎರೆಗೊಬ್ಬರ ಸಡಿಲ ಮಡಿಯಲ್ಲಿ ಎಲ್ಲಕ್ಕಿಂತ ಮುಂದೆ. ಬುಡದಿಂದಲೇ ಕವಲು, ಬೇಗ ನಿಲ್ಲದ ಫಸಲು. ಕೊಯ್ಯಲು ಕೈಯೂ ಸಲೀಸಾಗಿ ಹೋಗುತ್ತದೆ. ಬೆಂಡೆ ಸುಂಕು ಕೈಗೆ ಚುಚ್ಚಿಸಿಕೊಂಡವರಿಗೆ ಇದರ ಬೆಲೆ ಗೊತ್ತು. ಕಳೆ ಮಾತ್ರ ಸುಮ್ನೆ ಬಿಡುವುದಿಲ್ಲ. ಹೊಂಗೆ ತರಗು ಹೊದಿಸಿ ಸುಧಾರಿಸಿದೆ.

ಕೊಟ್ಟಿಗೆ ಗೊಬ್ಬರ ಅಗ್ಗ, ಮಣ್ಣೂ ಸಡಿಲವಾಗುತ್ತದೆ. ಆದರೆ ಬೆಂಗಳೂರಿನಲ್ಲಿ ಚೆನ್ನಾಗಿ ಕಳಿತದ್ದು ಸಿಗಬೇಕಲ್ವಾ? ಅರೆಬರೆ ಕೊಳೆತದ್ದಾದರೆ ಕಳೆ ಬೀಜ, ಬೇರು ತಿನ್ನುವ ಗೊಣ್ಣೆಹುಳು ಜೊತೆಗೇ ಬರುತ್ತವೆ. ಒಂದಿಷ್ಟು ಬೇವಿನ ಹಿಂಡಿ ಬೆರೆಸುವುದು ವಾಸಿ.

ಜಾಗ ಕಡಿಮೆ ಇದ್ದರೆ ಸಾಲಿಗೆ ಒಂದೂವರೆ ಅಡಿ, ಗಿಡಕ್ಕೆ ಒಂದಡಿ ಸಾಕು. ತಳಕ್ಕೆ ಕೊಟ್ಟಿಗೆ ಗೊಬ್ಬರ, ಹೂ ಬಿಡುವಾಗ ಬುಡಕ್ಕೆ ಒಂದು ಹಿಡಿ ಎರೆಗೊಬ್ಬರ. ದಂಟು, ಕೊತ್ತಂಬರಿ ಆದರೆ ಮಾತೇ ಬೇರೆ. ಒತ್ತಾಗಿ ಚೆಲ್ಲಿ, ಎರೆಗೊಬ್ಬರವನ್ನೇ ಹಾಕಿ. ಅಲ್ಲಿ ಬೇಕಿರುವುದು ಎಲೆ ತಾನೇ.