ಮರ್ಫಿಯ ನೀಲಿ ಪುಸ್ತಕ: ‘ಇಂಗ್’ ಹಾಕಬೇಕೋ, ‘ಟು’ ಹಾಕಬೇಕೋ

ಪೀಣ್ಯದ ಒಂದು ಕಾರ್ಖಾನೆಯಲ್ಲಿ ನಾನು ರಫ್ತು ವಿಭಾಗದ ಕಾಗದಪತ್ರ ನೋಡಿಕೊಳ್ಳುತ್ತೇನೆ. ದಿನಕ್ಕೆ ಇಪ್ಪತ್ತು ಮೇಲ್ ಆದರೂ ಬರೆಯಬೇಕು. ಆರು ವರ್ಷದಿಂದ ಪ್ರತಿ ಮೇಲ್ ಕೊನೆಗೂ ‘ಲುಕಿಂಗ್ ಫಾರ್ವರ್ಡ್ ಟು ರಿಸೀವ್ ಯುವರ್ ಆರ್ಡರ್’ ಅಂತಲೇ ಬರೆಯುತ್ತಿದ್ದೆ. ಹೋದ ವರ್ಷ ಒಂದು ಮೀಟಿಂಗಿನಲ್ಲಿ ನಮ್ಮ ಮ್ಯಾನೇಜರ್ ಆ ಸಾಲನ್ನು ದೊಡ್ಡ ಪರದೆ ಮೇಲೆ ಹಾಕಿ, ಎಲ್ಲರ ಮುಂದೆ ‘ಇದು ತಪ್ಪು, ರಿಸೀವಿಂಗ್ ಅಂತಾಗಬೇಕು’ ಅಂದರು. ಯಾಕೆ ಅಂತ ಕೇಳಿದೆ. ‘ಅದು ಹಾಗೇ’ ಅಂದರು. ತಪ್ಪು ತೋರಿಸಿದ್ದಕ್ಕೆ ನನಗೆ ಬೇಜಾರಾಗಲಿಲ್ಲ. ‘ಅದು ಹಾಗೇ’ ಅಂದಿದ್ದಕ್ಕೆ ಆಯಿತು.

ಆ ಶನಿವಾರವೇ ಅವೆನ್ಯೂ ರಸ್ತೆಗೆ ಹೋಗಿ ಹಳೆ ಪುಸ್ತಕದ ಅಂಗಡಿಯಲ್ಲಿ ರೇಮಂಡ್ ಮರ್ಫಿಯವರ ‘ಇಂಗ್ಲಿಷ್ ಗ್ರಾಮರ್ ಇನ್ ಯೂಸ್’ ತಂದೆ. 250 ರೂಪಾಯಿ. ನಾಲ್ಕನೇ ಆವೃತ್ತಿ. ಹಿಂದೆ ಇಟ್ಟುಕೊಂಡವರು ಮೊದಲ ಹತ್ತು ಪಾಠಕ್ಕೆ ಮಾತ್ರ ಪೆನ್ಸಿಲ್‌ನಲ್ಲಿ ಉತ್ತರ ಬರೆದಿದ್ದರು. ನಾನು ಮೊದಲಿನಿಂದ ಶುರು ಮಾಡಲಿಲ್ಲ. ನೇರ 53ನೇ ಯೂನಿಟ್‌ಗೆ ಹೋದೆ. 53ರಿಂದ 68ರವರೆಗಿನ ಹದಿನಾರು ಯೂನಿಟ್‌ಗಳು ಕ್ರಿಯಾಪದಕ್ಕೆ ‘ಇಂಗ್’ ಯಾವಾಗ, ‘ಟು’ ಯಾವಾಗ ಅನ್ನೋದಕ್ಕೇ ಮೀಸಲು. ನಾಲ್ಕು ತಿಂಗಳು ಈ ಹದಿನಾರನ್ನೇ ಹಿಡಿದು ಕೂತಿದ್ದೆ. ಇಲ್ಲಿ ಬರೆಯುತ್ತಿರುವುದು ಅಷ್ಟು ಭಾಗದ ಬಗ್ಗೆ.

ಪುಸ್ತಕ ಹೇಗಿದೆ ಅಂತ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಕೇಂಬ್ರಿಡ್ಜ್ ಯೂನಿವರ್ಸಿಟಿ ಪ್ರೆಸ್ ಇದನ್ನು ಮೊದಲು ತಂದಿದ್ದು 1985ರಲ್ಲಿ. ಐದನೇ ಆವೃತ್ತಿ 2019ರಲ್ಲಿ ಬಂತು. ಒಟ್ಟು 145 ಯೂನಿಟ್. ಎಡಪುಟದಲ್ಲಿ ವಿವರಣೆ, ಬಲಪುಟದಲ್ಲಿ ಅಭ್ಯಾಸ. ಒಂದು ಯೂನಿಟ್‌ಗೆ ಎರಡೇ ಪುಟ, ಪುಟ ತಿರುಗಿಸುವ ಕೆಲಸವೇ ಇಲ್ಲ. ರಾತ್ರಿ ಪಾತ್ರೆ ತೊಳೆದು ಬಂದು ಅರ್ಧ ಗಂಟೆ ಸಿಕ್ಕರೆ ಒಂದು ಯೂನಿಟ್ ಮುಗಿಯುತ್ತದೆ. ನನ್ನಂಥವರಿಗೆ ಇದು ಸಣ್ಣ ಅನುಕೂಲ ಅಲ್ಲ.

ನನಗೆ ಮೊದಲು ಹಿಡಿಸಿದ್ದು ಹೆಸರುಗಳ ಭಾರ ಇಲ್ಲದಿರುವುದು. ‘ಇಂಗ್’ ರೂಪಕ್ಕೆ ಜೆರಂಡ್, ‘ಟು’ ರೂಪಕ್ಕೆ ಇನ್ಫಿನಿಟಿವ್ ಅನ್ನುವ ಪದಗಳು ಈ ಹದಿನಾರು ಪಾಠಗಳ ತಲೆಬರಹದಲ್ಲಿ ಎಲ್ಲೂ ಇಲ್ಲ. ಬರೀ ‘ಇಂಗ್’, ಬರೀ ‘ಟು’. ಹಿಂದೆ ಒಂದು ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಎರಡು ತಿಂಗಳು ಹೋಗಿದ್ದೆ. ಅಲ್ಲಿ ಮೊದಲ ದಿನವೇ ಜೆರಂಡ್‌ನ ವ್ಯಾಖ್ಯೆ ಬರೆಸಿದರು, ಎರಡನೇ ದಿನ ಅರವತ್ತು ಕ್ರಿಯಾಪದದ ಪಟ್ಟಿ ಬರೆಸಿದರು. ವ್ಯಾಖ್ಯೆ ಇವತ್ತಿಗೂ ಬಾಯಿಗೆ ಬರುತ್ತದೆ. ಮೇಲ್ ಬರೆಯುವಾಗ ಅದು ಒಂದು ದಿನವೂ ನೆರವಿಗೆ ಬರಲಿಲ್ಲ.

ಪಟ್ಟಿ ಮರ್ಫಿಯಲ್ಲೂ ಇದೆ. ಎಂಜಾಯ್, ಫಿನಿಶ್, ಅವಾಯ್ಡ್, ಸಜೆಸ್ಟ್, ಕನ್ಸಿಡರ್, ಅಡ್ಮಿಟ್, ಡಿನೈ ಇವಕ್ಕೆ ‘ಇಂಗ್’. ಡಿಸೈಡ್, ಹೋಪ್, ಪ್ಲಾನ್, ಪ್ರಾಮಿಸ್, ರಿಫ್ಯೂಸ್, ಮ್ಯಾನೇಜ್ ಇವಕ್ಕೆ ‘ಟು’. ಒಂದು ವಾರ ಸುಮ್ನೆ ನೋಡುತ್ತಾ ಕೂತ ಮೇಲೆ ನನಗೆ ಒಂದು ಗೆರೆ ಕಂಡಿತು. ‘ಟು’ ಗುಂಪಿನ ಬಹಳಷ್ಟು ಪದಗಳಲ್ಲಿ ಕೆಲಸ ಇನ್ನೂ ಮುಂದೆ ಇರುತ್ತದೆ. ನಿರ್ಧಾರ, ಆಸೆ, ಮಾತು ಕೊಡುವುದು, ಎಲ್ಲವೂ ಆಗಬೇಕಾದದ್ದರ ಕಡೆಗೆ ನೋಡುತ್ತವೆ. ‘ಇಂಗ್’ ಗುಂಪಿನಲ್ಲಿ ಫಿನಿಶ್, ಅಡ್ಮಿಟ್, ಡಿನೈ ಇಂಥವು ಆಗಲೇ ಆದದ್ದನ್ನು, ಇರುವುದನ್ನು ಮುಟ್ಟುತ್ತವೆ. ಆದರೆ ಇದು ಪೂರ್ತಿ ನಿಲ್ಲುವುದಿಲ್ಲ. ಸಜೆಸ್ಟ್ ಮಾಡುವುದೂ ಮುಂದಿನದನ್ನೇ ಅಲ್ವಾ? ಆದರೂ ಅದು ‘ಇಂಗ್’ ಕೇಳುತ್ತದೆ. ಹಾಗಾಗಿ ಒಂದಷ್ಟನ್ನು ಬಾಯಿಪಾಠ ಮಾಡಲೇಬೇಕು. ನಾನು ಮಾಡಿದೆ, ನಾಗಸಂದ್ರದಿಂದ ಬರುವ ಮೆಟ್ರೋದಲ್ಲಿ ನಿಂತುಕೊಂಡೇ.

ಆ ಸಜೆಸ್ಟ್ ಬಗ್ಗೆ ಒಂದು ಮಾತು. ಕನ್ನಡದಲ್ಲಿ ‘ನನಗೆ ಹೋಗೋಕೆ ಹೇಳಿದರು’ ಅನ್ನುತ್ತೇವೆ. ಅದನ್ನೇ ಇಟ್ಟುಕೊಂಡು ‘ಹೀ ಸಜೆಸ್ಟೆಡ್ ಮೀ ಟು ಗೋ’ ಅಂತ ನಮ್ಮ ಆಫೀಸಿನಲ್ಲಿ ಎಲ್ಲರೂ ಬರೆಯುತ್ತಾರೆ. ‘ಟೋಲ್ಡ್ ಮೀ ಟು ಗೋ’ ಸರಿ, ‘ಅಡ್ವೈಸ್ಡ್ ಮೀ ಟು ಗೋ’ ಕೂಡ ಸರಿ. ‘ಸಜೆಸ್ಟೆಡ್’ ಆದರೆ ‘ಗೋಯಿಂಗ್’ ಆಗಬೇಕು, ನಡುವೆ ‘ಮೀ’ ಬರುವ ಹಾಗಿಲ್ಲ. ಇದು ಗೊತ್ತಾದ ದಿನ ನಾನು ಹಳೆ ಮೇಲ್‌ಗಳನ್ನು ತೆಗೆದು ಎಣಿಸಿದೆ. ಒಂದೇ ತಿಂಗಳಲ್ಲಿ ಒಂಬತ್ತು ಕಡೆ ತಪ್ಪಿತ್ತು.

ಈಗ ನಿಜವಾಗಿ ಹೇಳಬೇಕಾದ ಯೂನಿಟ್ 56. ಒಂದೇ ಕ್ರಿಯಾಪದಕ್ಕೆ ‘ಇಂಗ್’ ಹಾಕಿದರೆ ಒಂದು ಅರ್ಥ, ‘ಟು’ ಹಾಕಿದರೆ ಇನ್ನೊಂದು. ರಿಮೆಂಬರ್, ರಿಗ್ರೆಟ್, ಗೋ ಆನ್. ಎಡಪುಟವನ್ನು ನಾಲ್ಕು ಸಲ ಓದಿದೆ. ಓದಿದಾಗ ಅರ್ಥವಾಗುತ್ತಿತ್ತು, ಬಲಪುಟಕ್ಕೆ ಬಂದರೆ ತಪ್ಪಾಗುತ್ತಿತ್ತು. ಆ ವಾರ ಅಮ್ಮನನ್ನು ಕರೆದುಕೊಂಡು ತಿಪಟೂರಿಗೆ ಹೊರಟೆ. ಬಸ್ಸು ನೆಲಮಂಗಲ ದಾಟಿತ್ತು. ಅಮ್ಮ ಕೇಳಿದರು, ‘ಗ್ಯಾಸ್ ಆಫ್ ಮಾಡಿದ್ದು ನೆನಪಿದೆಯೇನೇ?’ ನೆನಪಿದೆ ಅಂದೆ. ‘ಊರಿಗೆ ಹೋದ ಮೇಲೆ ಅಳಿಯಂದ್ರಿಗೆ ಫೋನ್ ಮಾಡೋದು ನೆನಪಿಟ್ಕೊ’ ಅಂದರು.

ಬಸ್ಸಿನಲ್ಲೇ ನನಗೆ ಪಾಠ ಹೊಳೆಯಿತು. ‘ಮಾಡಿದ್ದು ನೆನಪಿದೆ’, ಇದೇ ‘ರಿಮೆಂಬರ್ ಡೂಯಿಂಗ್’. ಮಾಡಿ ಆಯಿತು, ಈಗ ನೆನಪಿದೆ. ‘ಮಾಡೋದು ನೆನಪಿಟ್ಕೊ’, ಇದೇ ‘ರಿಮೆಂಬರ್ ಟು ಡೂ’. ಇನ್ನೂ ಮಾಡಿಲ್ಲ, ಮರೆಯಬಾರದು. ಈ ಭೇದವನ್ನು ಅಮ್ಮ ದಿನಕ್ಕೆ ಹತ್ತು ಸಲ ಮಾಡುತ್ತಾರೆ. ನಾಲ್ಕನೇ ಕ್ಲಾಸು ಓದಿದವರು. ಇಂಗ್ಲಿಷಿನಲ್ಲಿ ಮಾತ್ರ ಇರುವ ವಿಚಿತ್ರ ಇದು ಅಂತ ನಾನು ಇಷ್ಟು ದಿನ ಹೆದರಿದ್ದೆ. ಬ್ಯಾಗಿನಿಂದ ಪುಸ್ತಕ ತೆಗೆದು ಬಲಪುಟ ಮಾಡಿದೆ. ಒಂದೂ ತಪ್ಪಾಗಲಿಲ್ಲ.

ಅಲ್ಲಿಂದ ಮುಂದೆ ನಾನು ಪುಸ್ತಕ ಓದುವ ರೀತಿಯೇ ಬದಲಾಯಿತು. ಪ್ರತಿ ಜೋಡಿಯ ಪಕ್ಕದಲ್ಲೂ ಪೆನ್ಸಿಲ್‌ನಲ್ಲಿ ಕನ್ನಡ ಬರೆಯತೊಡಗಿದೆ. ರಿಗ್ರೆಟ್: ‘ಹೇಳಿದ್ದಕ್ಕೆ ಬೇಜಾರು’ ಆದರೆ ‘ಇಂಗ್’, ‘ಹೇಳೋಕೆ ಬೇಜಾರು’ ಆದರೆ ‘ಟು’. ಗೋ ಆನ್: ‘ಮಾತಾಡ್ತಾನೇ ಹೋದರು’ ಆದರೆ ‘ಇಂಗ್’, ‘ಅದಾದ ಮೇಲೆ ಇದನ್ನು ಮಾತಾಡಿದರು’ ಆದರೆ ‘ಟು’. ಸ್ಟಾಪ್ ಜೋಡಿಯನ್ನೂ ಅದೇ ಸಾಲಿಗೆ ಸೇರಿಸಿಕೊಂಡೆ. ‘ಟೀ ಕುಡಿಯೋದನ್ನ ನಿಲ್ಲಿಸಿದರು’ ಆದರೆ ‘ಇಂಗ್’, ‘ಟೀ ಕುಡಿಯೋಕೆ ನಿಂತರು’ ಆದರೆ ‘ಟು’. ಎರಡನ್ನೂ ಬೆರೆಸಿ ಮಾತಾಡುವ ಕನ್ನಡಿಗರು ಒಬ್ಬರೂ ಸಿಗುವುದಿಲ್ಲ.

57ನೇ ಯೂನಿಟ್‌ನಲ್ಲಿ ಟ್ರೈ ಇದೆ. ನನಗೆ ತುಂಬಾ ಖುಷಿ ಕೊಟ್ಟ ಪದ ಇದು. ಕಿಟಕಿ ಗಟ್ಟಿಯಾಗಿ ಕೂತಿದೆ, ತೆಗೆಯೋಕೆ ಬರುತ್ತಿಲ್ಲ, ಕೈಲಾದಷ್ಟು ತಳ್ಳಿದೆ. ಅದು ‘ಟ್ರೈಡ್ ಟು ಓಪನ್’. ಸೆಖೆ ಜಾಸ್ತಿ ಇದೆ, ಕಿಟಕಿ ತೆಗೆದರೆ ಕಡಿಮೆ ಆಗಬಹುದೇನೋ ಅಂತ ತೆಗೆದು ನೋಡಿದೆ. ಅದು ‘ಟ್ರೈಡ್ ಓಪನಿಂಗ್’. ‘ತೆಗೆದು ನೋಡು’, ‘ತಿಂದು ನೋಡು’, ‘ಕೇಳಿ ನೋಡು’. ನಮ್ಮ ಆ ‘ನೋಡು’ ಇದ್ದ ಕಡೆ ‘ಇಂಗ್’ ಹಾಕಿ. ನನಗೆ ಇದುವರೆಗೆ ತಪ್ಪಿಲ್ಲ. ಹತ್ತನೇ ತರಗತಿಯಲ್ಲಿ ಮಾಡಿ, ಮಾಡುತ್ತ, ಮಾಡಲು ಇವೆಲ್ಲ ಕೃದಂತಾವ್ಯಯ ಅಂತ ಓದಿ ಅಂಕ ತೆಗೆದಿದ್ದೆವು. ಆ ಪಾಠವನ್ನು ಇಂಗ್ಲಿಷ್ ಮೇಷ್ಟ್ರು ಒಂದು ಸಲ ಇಂಗ್ಲಿಷಿನ ಪಕ್ಕ ಇಟ್ಟು ತೋರಿಸಿದ್ದರೆ ಸಾಕಿತ್ತು.

ಹಾಗಂತ ಕನ್ನಡ ಎಲ್ಲಾ ಕಡೆ ಕೈ ಹಿಡಿಯುವುದಿಲ್ಲ. ನನ್ನ ‘ಲುಕಿಂಗ್ ಫಾರ್ವರ್ಡ್’ ತಪ್ಪಿಗೆ ಕನ್ನಡವೇ ಒಂದು ಕಾರಣ ಅನ್ನಿಸುತ್ತದೆ. ‘ಮಾಡೋಕೆ’ ಮತ್ತು ‘ಮಾಡೋದಕ್ಕೆ’ ನಮ್ಮ ಮಾತಿನಲ್ಲಿ ಒಂದೇ. ‘ನಿಮ್ಮನ್ನು ನೋಡೋಕೆ ಕಾಯ್ತಿದ್ದೀನಿ’ ಅಂದರೂ ಸರಿ, ‘ನೋಡೋದಕ್ಕೆ ಕಾಯ್ತಿದ್ದೀನಿ’ ಅಂದರೂ ಸರಿ. ಇಂಗ್ಲಿಷಿನಲ್ಲಿ ‘ಟು’ ಎರಡು ಬೇರೆ ಕೆಲಸ ಮಾಡುತ್ತದೆ. ಒಂದು ‘ಟು’ ಕ್ರಿಯಾಪದಕ್ಕೇ ಅಂಟಿಕೊಂಡದ್ದು. ಇನ್ನೊಂದು ನಮ್ಮ ‘ಗೆ’, ‘ಕ್ಕೆ’ ಇದ್ದ ಹಾಗೆ, ನಾಮಪದದ ಜೊತೆ ಬರುವ ಪ್ರೆಪೊಸಿಷನ್. ಪ್ರೆಪೊಸಿಷನ್ ಆದ ಮೇಲೆ ಕ್ರಿಯಾಪದ ಬಂದರೆ ‘ಇಂಗ್’ ಬೇಕೇ ಬೇಕು. 60 ಮತ್ತು 62ನೇ ಯೂನಿಟ್ ಓದಿದ ಮೇಲೆ ನಾನೊಂದು ಪರೀಕ್ಷೆ ಇಟ್ಟುಕೊಂಡೆ. ‘ಟು’ ಆದ ಮೇಲೆ ದೀಪಾವಳಿ ಅಂತ ಹಾಕಿ ನೋಡುವುದು. ‘ಲುಕಿಂಗ್ ಫಾರ್ವರ್ಡ್ ಟು ದೀಪಾವಳಿ’ ಕೂರುತ್ತದೆ. ಅಂದರೆ ಅಲ್ಲಿ ‘ರಿಸೀವಿಂಗ್’. ‘ಡಿಸೈಡೆಡ್ ಟು ದೀಪಾವಳಿ’ ಕೂರುವುದಿಲ್ಲ. ಅಂದರೆ ಅಲ್ಲಿ ‘ರಿಸೀವ್’. ಮ್ಯಾನೇಜರ್ ಕೊಡದ ಉತ್ತರ ಇದು.

ಯೂಸ್ಡ್ ಟು ಇರುವ 61ನೇ ಯೂನಿಟ್‌ಗೂ ಇದೇ ಬೀಗದ ಕೈ. ‘ಯೂಸ್ಡ್ ಟು ಡ್ರೈವ್’ ಅಂದರೆ ಮುಂಚೆ ಓಡಿಸ್ತಿದ್ದೆ, ಈಗಿಲ್ಲ. ‘ಆಮ್ ಯೂಸ್ಡ್ ಟು ಡ್ರೈವಿಂಗ್’ ಅಂದರೆ ಓಡಿಸಿ ಅಭ್ಯಾಸ ಇದೆ. ಇಲ್ಲಿ ಮರ್ಫಿ ಕೊಡುವ ಉದಾಹರಣೆ, ಬ್ರಿಟನ್‌ಗೆ ಬಂದ ಅಮೆರಿಕದ ಹೆಂಗಸು ಎಡಬದಿಯಲ್ಲಿ ಗಾಡಿ ಓಡಿಸುವುದಕ್ಕೆ ಒಗ್ಗಿಕೊಳ್ಳುವುದು. ನಮಗೆ ಎಡಬದಿಯೇ ಮಾಮೂಲಿ, ಹಾಗಾಗಿ ಅವಳ ಕಷ್ಟ ಮೊದಲಿಗೆ ಮನಸ್ಸಿಗೆ ತಟ್ಟಲಿಲ್ಲ. ನಾನು ಅದನ್ನು ತಿಪಟೂರಿನಿಂದ ಬಂದು ಬೋರ್‌ವೆಲ್ ನೀರಿಗೆ ಒಗ್ಗಿಕೊಂಡ ನನ್ನ ಕಥೆ ಮಾಡಿಕೊಂಡೆ. ಆಮೇಲೆ ಮರೆಯಲಿಲ್ಲ.

66 ಮತ್ತು 67 ಸಲೀಸು. ‘ಹೊರಗೆ ಹೋಗೋಕೆ ಭಯ’ ಆದರೆ ‘ಅಫ್ರೇಡ್ ಟು’, ‘ಬಿದ್ದುಬಿಡ್ತೀನೇನೋ ಅಂತ ಭಯ’ ಆದರೆ ‘ಅಫ್ರೇಡ್ ಆಫ್ ಫಾಲಿಂಗ್’. ಅವನು ರಸ್ತೆ ದಾಟಿದ್ದನ್ನು ಪೂರ್ತಿ ನೋಡಿದರೆ ‘ಕ್ರಾಸ್’, ದಾಟುತ್ತಿದ್ದದ್ದನ್ನು ನೋಡಿದರೆ ‘ಕ್ರಾಸಿಂಗ್’. 68 ಮಾತ್ರ ನನಗೆ ಇನ್ನೂ ಕೈಗೆ ಕೂತಿಲ್ಲ. ಇನ್ನೊಂದು ಸುತ್ತು ಮಾಡಬೇಕು.

ಕೊರತೆ ಅನ್ನಿಸಿದ್ದನ್ನೂ ಹೇಳುತ್ತೇನೆ. ಅಭ್ಯಾಸಗಳು ಬಹುತೇಕ ಬಿಡಿ ವಾಕ್ಯಗಳು, ಖಾಲಿ ಜಾಗ ತುಂಬುವುದು. ತುಂಬಿದ್ದು ಸರಿ ಆದರೂ ಒಂದು ಪೂರ್ತಿ ಮೇಲ್ ಬರೆಯುವಾಗ ಮತ್ತೆ ಹಳೆ ಅಭ್ಯಾಸ ಬರುತ್ತದೆ. ಅದಕ್ಕೆ ನಾನೇ ಪ್ರತಿ ಯೂನಿಟ್ ಆದ ಮೇಲೆ ಆಫೀಸಿನ ಐದು ವಾಕ್ಯ ಬರೆಯುತ್ತಿದ್ದೆ. ಹಿಂದೆ ಉತ್ತರ ಇದೆ, ಯಾಕೆ ಆ ಉತ್ತರ ಅಂತ ಇಲ್ಲ. ಎಡಪುಟಕ್ಕೆ ನೀವೇ ವಾಪಸ್ ಹೋಗಿ ಹುಡುಕಬೇಕು. ಇನ್ನು ಇದು ಪ್ರಪಂಚದ ಎಲ್ಲಾ ಕಲಿಯುವವರಿಗೂ ಒಂದೇ ಪುಸ್ತಕ. ಕನ್ನಡದವರು ಎಲ್ಲಿ ಎಡವುತ್ತಾರೆ ಅಂತ ಇದರಲ್ಲಿ ಇರೋಕೆ ಸಾಧ್ಯವೂ ಇಲ್ಲ. ಆ ಕೆಲಸ ನಮ್ಮವರು ಯಾರಾದರೂ ಮಾಡಬೇಕು. ಕನ್ನಡದಲ್ಲೇ ವಿವರಿಸಿ, ‘ಮಾಡಿದ್ದು’, ‘ಮಾಡೋದು’, ‘ಮಾಡೋಕೆ’, ‘ಮಾಡಿ ನೋಡು’ ಈ ನಾಲ್ಕನ್ನು ಹಿಡಿದು ಒಂದು ಸಣ್ಣ ಪುಸ್ತಕ ಬಂದರೆ ನಾನು ಹತ್ತು ಪ್ರತಿ ಕೊಂಡು ಹಂಚುತ್ತೇನೆ.

ಕೊಳ್ಳುವವರಿಗೆ ಎರಡು ವಿಷಯ. ಉತ್ತರ ಇರುವ ಪ್ರತಿ, ಉತ್ತರ ಇಲ್ಲದ ಪ್ರತಿ ಎರಡೂ ಬರುತ್ತವೆ. ಹಳೆ ಪುಸ್ತಕ ತಗೊಳ್ಳುವಾಗ ಹಿಂದಿನ ಪುಟ ತೆಗೆದು ಉತ್ತರಗಳಿವೆಯಾ ನೋಡಿ. ಮನೆಯಲ್ಲಿ ಒಬ್ಬರೇ ಕಲಿಯುವವರಿಗೆ ಉತ್ತರವಿಲ್ಲದ ಪ್ರತಿ ಪ್ರಯೋಜನವಿಲ್ಲ. ವಿವರಣೆ ಎಲ್ಲಾ ಇಂಗ್ಲಿಷಿನಲ್ಲೇ ಇರುವುದರಿಂದ ಇದು ತೀರಾ ಶುರುವಿನವರಿಗಲ್ಲ. ಅವರು ಮರ್ಫಿಯವರದ್ದೇ ಕೆಂಪು ಪುಸ್ತಕ, ‘ಎಸೆನ್ಶಿಯಲ್ ಗ್ರಾಮರ್ ಇನ್ ಯೂಸ್’, ಮೊದಲು ತಗೊಳ್ಳಲಿ. ನೀಲಿ ಪುಸ್ತಕದ ಕೊನೆಯಲ್ಲಿ ಸ್ಟಡಿ ಗೈಡ್ ಅಂತ ಇದೆ. ಸರಿ ಉತ್ತರ ಆರಿಸುವ ಪ್ರಶ್ನೆಗಳು, ನಿಮಗೆ ಬಾರದ ಪ್ರಶ್ನೆಗೆ ಯಾವ ಯೂನಿಟ್ ಓದಬೇಕು ಅಂತ ಪಕ್ಕದಲ್ಲೇ ಇರುತ್ತದೆ. ಮೊದಲು ಅದನ್ನು ಮಾಡಿ. 145ನ್ನೂ ಓದುವ ಅಗತ್ಯ ಬೀಳುವುದಿಲ್ಲ.

ನನ್ನ ಪ್ರತಿ ಈಗ ಪಕ್ಕದ ಮನೆಯ ಹುಡುಗಿಯ ಹತ್ತಿರ ಇದೆ. ನರ್ಸಿಂಗ್ ಓದುತ್ತಿದ್ದಾಳೆ, ಅವಳೂ ಕನ್ನಡ ಮಾಧ್ಯಮ. ಪುಸ್ತಕ ಕೊಡುವ ಮುಂಚೆ ಅಂಚಿನಲ್ಲಿ ಬರೆದ ಕನ್ನಡವನ್ನು ಅಳಿಸೋಣ ಅಂತ ರಬ್ಬರ್ ತಂದಿದ್ದೆ. ‘ಬೇಡ ಆಂಟಿ, ಅದನ್ನೇ ಮೊದಲು ಓದ್ತೀನಿ’ ಅಂದಳು.