ಮುಳ್ಳಯ್ಯನಗಿರಿಯೋ, ಬೇಲೂರು-ಹಳೇಬೀಡೋ?

ಊರಿಗೆ ಹೊರೆಯಾಗದಂತೆ ಎರಡು ದಿನ ಸುತ್ತಬೇಕು, ಜೊತೆಗೆ ಅಪ್ಪ ಅಮ್ಮ ಇರುತ್ತಾರೆ, ಎಲ್ಲಿಗೆ ಹೋಗಲಿ ಎಂದು ಕೇಳಿದ್ದೀರಿ.

ಖರ್ಚಿನಲ್ಲಿ ಬೇಲೂರು ಹಗುರ. ಹಾಸನದಿಂದ ಸುಮಾರು 40 ಕಿ.ಮೀ., ಬಸ್ಸು ಸಿಗುತ್ತಲೇ ಇರುತ್ತದೆ. ಅಲ್ಲಿಂದ ಹಳೇಬೀಡಿಗೂ ಬಸ್ಸಿದೆ. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ ಬೆಟ್ಟಕ್ಕೆ ಕಾರೋ ಜೀಪೋ ಬೇಕಾಗುತ್ತದೆ.

ಜಾಗದ ಮೇಲಿನ ಭಾರ ನನಗೆ ಎಲ್ಲಕ್ಕಿಂತ ಮುಖ್ಯ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಲ್ಲಿ ಶೋಲಾ ಕಾಡು (ಬೆಟ್ಟದ ಕಣಿವೆಗಳಲ್ಲಿ ಬೆಳೆಯುವ ಗಿಡ್ಡ ಮರಗಳ ದಟ್ಟ ಕಾಡು), ಹುಲ್ಲುಗಾವಲು ಎರಡೂ ಇವೆ. ಮಳೆನೀರನ್ನು ಹಿಡಿದಿಟ್ಟು ಹಳ್ಳಗಳಿಗೆ ಬಿಡುವುದು ಇವೇ. ಫೋಟೋಗೆಂದು ಹುಲ್ಲಿನ ಮೇಲೆ ಗಾಡಿ ಹತ್ತಿಸಿದರೆ ಮಣ್ಣು ಸಡಿಲಾಗಿ ಮುಂದಿನ ಮಳೆಗೆ ಕೊಚ್ಚಿಹೋಗುತ್ತದೆ. ಅದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ರಜೆಯ ಶನಿವಾರ, ಭಾನುವಾರ ದಯವಿಟ್ಟು ಬೇಡ. ವಾರದ ನಡುವೆ ಹೋಗಿ, ಗಾಡಿಗೆ ಮೊದಲೇ ನೋಂದಣಿ ಬೇಕಾ ನೋಡಿಕೊಳ್ಳಿ.

ಬೇಲೂರು-ಹಳೇಬೀಡಿನ ಹೊಯ್ಸಳ ದೇವಸ್ಥಾನಗಳು ಜನರನ್ನು ಸ್ವಲ್ಪ ಜಾಸ್ತಿ ತಡೆದುಕೊಳ್ಳುತ್ತವೆ. ಆದರೂ ಅದು ಬಳಪದ ಕಲ್ಲು, ಮೆದು. ಕೆತ್ತನೆಯನ್ನು ಮುಟ್ಟಬೇಡಿ. 2023ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಮೇಲಂತೂ ಹೆಸರು ಇನ್ನೂ ದೂರ ಹಬ್ಬಿದೆ. ಅಲ್ಲಿನ ಗೈಡ್ ಒಬ್ಬರನ್ನು ಕರೆದುಕೊಂಡರೆ ದುಡ್ಡು ಊರಲ್ಲೇ ಉಳಿಯುತ್ತದೆ, ಅಲ್ವಾ?

ಮಂಡಿನೋವು ಇರುವವರಿಗೆ ಗಿರಿಯ ಕೊನೆಯ ಮೆಟ್ಟಿಲುಗಳು ಕಷ್ಟ. ಹಾಗಿದ್ದರೆ ಬೇಲೂರೇ ಸರಿ. ಕಾಲು ಗಟ್ಟಿ ಇದ್ದು, ವಾರದ ನಡುವೆ ರಜೆ ಸಿಕ್ಕು, ಕಸ ವಾಪಸ್ ತರುವ ಚೀಲ ಕೈಯಲ್ಲಿದ್ದರೆ ಬೆಟ್ಟ ಹತ್ತಿ. ಜೋರು ಮಳೆಗಾಲದಲ್ಲಿ ಮಾತ್ರ ಘಾಟಿಯ ರಸ್ತೆ ಬೇಡ.